ಲ್ಯಾಮಿಂಗ್ಟನ್ ರಸ್ತೆಯ ಟೇಪಿನ ಅಂಗಡಿ ಮತ್ತು ಬೇಬಿ ಜೇಕ್ ಮತ್ಲಾಲರ ಆರು ಟೇಪುಗಳು

ಹಳೆಯ ವಿಎಚ್‌ಎಸ್ ಟೇಪುಗಳಲ್ಲಿರುವುದನ್ನು ಕಂಪ್ಯೂಟರಿನ ಫೈಲುಗಳಾಗಿ ಮಾಡಿಕೊಡುವ ಅಂಗಡಿಗಳು ಮುಂಬಯಿಯಲ್ಲಿ ಈಗಲೂ ಕೆಲವು ಉಳಿದಿವೆ. ಮದುವೆ, ಉಪನಯನ, ಊರಿನ ಜಾತ್ರೆ, ಯಕ್ಷಗಾನಗಳ ಟೇಪುಗಳನ್ನು ಕಪಾಟಿನಲ್ಲಿಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ ಇರುವ ಕನ್ನಡದ ಮನೆಗಳು ಈ ಊರಿನಲ್ಲಿ ಬಹಳ ಇರುವುದರಿಂದ, ಗ್ರಾಂಟ್ ರೋಡ್ ಸ್ಟೇಷನ್ನಿನ ಸಮೀಪ ಲ್ಯಾಮಿಂಗ್ಟನ್ ರಸ್ತೆಯ ಒಳಗಲ್ಲಿಯೊಂದರಲ್ಲಿರುವ ಅಂಥ ಒಂದು ಅಂಗಡಿಯಲ್ಲಿ ಕಳೆದ ನಾಲ್ಕು ತಿಂಗಳಲ್ಲಿ ನಾನು ಮಾಡಿಸಿಕೊಂಡ ಕೆಲಸದ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ನಾನು ಒಯ್ದ ಆರು ಟೇಪುಗಳಲ್ಲಿ ಮದುವೆಯೂ ಇರಲಿಲ್ಲ, ಯಕ್ಷಗಾನವೂ ಇರಲಿಲ್ಲ. ಆರರಲ್ಲಿಯೂ ಇದ್ದದ್ದು ನಾಲ್ಕು ಅಡಿ ಹತ್ತು ಇಂಚು ಎತ್ತರದ ಒಬ್ಬ ದಕ್ಷಿಣ ಆಫ್ರಿಕಾದ ಬಾಕ್ಸರ್: ಜೇಕಬ್ ಮತ್ಲಾಲ, ಲೋಕಕ್ಕೆ ಪರಿಚಯವಾದದ್ದು ಬೇಬಿ ಜೇಕ್ ಎಂಬ ಹೆಸರಿನಿಂದ.

ಟೇಪುಗಳು ನನ್ನ ಸೋದರಮಾವನವು. ಮಾವ ಹದಿಮೂರನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು, ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಯೌವನದಲ್ಲಿ ಎರಡು ಮೂರು ವರ್ಷ ಡೋಂಗ್ರಿ ಕಡೆಯ ವ್ಯಾಯಾಮಶಾಲೆಯೊಂದರಲ್ಲಿ ಬಾಕ್ಸಿಂಗ್ ಕಲಿತರು. ಅವರ ತೂಕ ಆಗ 48 ಕಿಲೋ. ಎತ್ತರ ಐದು ಅಡಿಗೆ ಒಂದಿಂಚು ಕಡಿಮೆ. ತನಗಿಂತ ಗಿಡ್ಡ ಎದುರಾಳಿ ಒಮ್ಮೆಯೂ ಸಿಕ್ಕಲಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ. ಅವರ ಗೆಳೆಯರೊಬ್ಬರು ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಜನಾಂಗ ತಾರತಮ್ಯವನ್ನು ವಿರೋಧಿಸಿ ಭಾರತ 1946ರಲ್ಲಿಯೇ ದಕ್ಷಿಣ ಆಫ್ರಿಕಾದೊಡನೆ ವ್ಯಾಪಾರ ನಿಲ್ಲಿಸಿತ್ತು. ರಾಜತಾಂತ್ರಿಕ ಸಂಬಂಧ ಮತ್ತೆ ಕುದುರಿದ್ದು 1993ರ ನವೆಂಬರಿನಲ್ಲಿ. ಆ ಮೇಲೆ ಡರ್ಬನ್ನಿಗೆ ಹೋಗಿ ಬರುತ್ತಿದ್ದ ಆ ಗೆಳೆಯರು, ಅಲ್ಲಿಯ ಪರಿಚಯದವರು ಟಿವಿಯಿಂದ ರೆಕಾರ್ಡ್ ಮಾಡಿ ಇಟ್ಟಿದ್ದ ಪಂದ್ಯಗಳ ಟೇಪುಗಳನ್ನು ಒಂದೊಂದಾಗಿ ಮಾವನಿಗೆ ತಂದುಕೊಟ್ಟರು. ಅಲ್ಲಿಯ ಟಿವಿಯೂ ನಮ್ಮದರಂತೆ ಪಾಲ್ (PAL) ಎಂಬ ಪ್ರಸಾರ ಪದ್ಧತಿಯದೇ ಆಗಿದ್ದುದರಿಂದ ಭಾಂಡುಪಿನ ಮನೆಯ ವಿಸಿಆರ್‌ನಲ್ಲಿ ಅವು ತಕರಾರಿಲ್ಲದೆ ಓಡುತ್ತಿದ್ದವು. ಆ ವಿಸಿಆರ್ ಕೆಟ್ಟು ಹದಿನೈದು ವರ್ಷವಾಯಿತು. ಜಪಾನಿನ ಫುನಾಯಿ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಸಿಗುವ ಮಾತೂ ಇಲ್ಲ.

ಮೊದಲು ನಮ್ಮ ಉಪನಗರದಲ್ಲಿಯೇ ಇರುವ ಒಂದು ಫೋಟೊ ಸ್ಟುಡಿಯೋಗೆ ಒಂದು ಟೇಪನ್ನು ಕೊಟ್ಟು ನೋಡಿದೆ. ಅವರು ಅದನ್ನು ತೆರೆದು ಸಹ ನೋಡದೆ ಯಂತ್ರಕ್ಕೆ ತೂರಿಸಿ, ಮೊದಲ ಎರಡು ನಿಮಿಷದಷ್ಟು ಟೇಪು ಸುಕ್ಕಾಗಿ ಹರಿದುಹೋದ ಮೇಲೆ ನನಗೆ ವಾಪಸು ಕೊಟ್ಟರು. ಟೇಪಿನ ಆರಂಭದಲ್ಲಿ ಬರೀ ಜಾಹೀರಾತು ಇದ್ದುದರಿಂದ ಪಂದ್ಯ ಉಳಿಯಿತು. ಓದುವವರು ಇದೊಂದನ್ನು ಗಮನದಲ್ಲಿಡಬೇಕು: ಮುಂಬಯಿಯ ಮಳೆಗಾಲಗಳನ್ನು ಕಂಡ ಟೇಪನ್ನು ತೆರೆದು ಪರೀಕ್ಷಿಸದೆ ಓಡಿಸುವ ಅಂಗಡಿಗೆ ಯಾವ ಕಾರಣಕ್ಕೂ ಕೊಡಬಾರದು.

ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಮೊದಲ ಐದು ನಿಮಿಷದಲ್ಲಿಯೇ ವ್ಯತ್ಯಾಸ ತಿಳಿಯಿತು. ಅಲ್ಲಿ ಕೆಲಸ ಮಾಡುವ ತಂತ್ರಜ್ಞರು ಅಕ್ಕಲಕೋಟೆಯ ಕಡೆಯವರು. ನಾನು ಫೋನಿನಲ್ಲಿ ಮಾವನೊಡನೆ ಮಾತಾಡುವುದನ್ನು ಕೇಳಿ ಕನ್ನಡದಲ್ಲಿಯೇ ಮಾತಿಗೆ ತೊಡಗಿದರು. ಟೇಪಿನ ಮುಂದಿನ ಮುಚ್ಚಳವನ್ನು ಬೆರಳಿನಿಂದ ಎತ್ತಿ, ಟಾರ್ಚಿನ ಬೆಳಕು ಹಾಯಿಸಿ, ಸುರುಳಿಯ ಅಂಚಿನಲ್ಲಿದ್ದ ಬಿಳಿಯ ಪುಡಿಯನ್ನು ನನಗೆ ತೋರಿಸಿದರು. “ಬೂಷ್ಟ ಹಿಡದೈತ್ರಿ. ಹಿಂಗ ಹಾಕಿದ್ರ ನಿಮ್ಮ ಟೇಪೂ ಹೋಗತೈತಿ, ನಮ್ಮ ಮಷೀನಿನ ಹೆಡ್ಡೂ ಹೋಗತೈತಿ. ಎಂಟು ದಿವಸ ಬಿಡ್ರಿ” ಎಂದರು. ಅವರು ಮಾಡುವ ಕ್ರಮ ಹೀಗಿದೆ: ಡಬ್ಬಿಯ ಐದು ಸ್ಕ್ರೂ ತೆಗೆದು ಸುರುಳಿಗಳನ್ನು ಹೊರಗಿಟ್ಟು, ತೇವವಿಲ್ಲದ ಪೆಟ್ಟಿಗೆಯಲ್ಲಿ ಕೆಲವು ದಿನ ಒಣಗಿಸಿ, ಅದಕ್ಕೆಂದೇ ಬೇರೆ ಇಟ್ಟಿರುವ ಒಂದು ಹಳೆಯ ಯಂತ್ರದಲ್ಲಿ ಮೆತ್ತನೆಯ ಬಟ್ಟೆಯ ನಡುವೆ ಟೇಪನ್ನು ನಿಧಾನವಾಗಿ ಹಾಯಿಸಿ ಬೂಷ್ಟನ್ನು ಒರೆಸುತ್ತಾರೆ, ಆ ಮೇಲೆಯೇ ಒಳ್ಳೆಯ ಯಂತ್ರಕ್ಕೆ ಹಾಕುತ್ತಾರೆ. ನನ್ನ ಆರರಲ್ಲಿ ನಾಲ್ಕಕ್ಕೆ ಈ ಶುಶ್ರೂಷೆ ಬೇಕಾಯಿತು. ಒಂದು ಗಂಟೆಯ ಟೇಪಿಗೆ 350 ರೂಪಾಯಿ, ಬೂಷ್ಟು ತೆಗೆಯುವುದಕ್ಕೆ ಟೇಪೊಂದಕ್ಕೆ 400 ರೂಪಾಯಿ. ನಾನು ವಿಚಾರಿಸಿದ ಬೇರೆ ಕಡೆಗಳಿಗಿಂತ ಇದು ಹೆಚ್ಚು. ಆದರೂ ಕೆಲಸಕ್ಕೆ ತಕ್ಕ ಬೆಲೆ ಎಂದೇ ನನ್ನ ಅಭಿಪ್ರಾಯ.

ಮೊದಲ ಎರಡು ಟೇಪುಗಳ ಫೈಲುಗಳು ಮೂರು ವಾರಕ್ಕೆ ಬಂದವು. ಮಾವನ ಟಿವಿಗೆ ಪೆನ್‌ಡ್ರೈವ್ ಚುಚ್ಚಿ 1993ರ ಮೇ 15ರ ಗ್ಲಾಸ್ಗೋ ಪಂದ್ಯವನ್ನು ಹಾಕಿದೆ. ಸ್ಕಾಟ್ಲೆಂಡಿನ ಪ್ಯಾಟ್ ಕ್ಲಿಂಟನ್ ಅವರನ್ನು ಅವರ ಊರಿನವರ ಎದುರಿನಲ್ಲಿಯೇ 8ನೇ ಸುತ್ತಿನಲ್ಲಿ ಮಣಿಸಿ, 31 ವರ್ಷದ ಮತ್ಲಾಲ ವಿಶ್ವ ಬಾಕ್ಸಿಂಗ್ ಸಂಸ್ಥೆಯ (ಡಬ್ಲ್ಯುಬಿಒ) ಫ್ಲೈವೇಟ್ ಪಟ್ಟವನ್ನು ಗೆದ್ದ ಪಂದ್ಯ ಅದು. ಒಂದು ನಿಮಿಷ ನೋಡಿದ ಮಾವ, “ಎಂಥ ಮಾರಾಯ, ಇವರನ್ನು ಯಾರು ಹೀಗೆ ಅಪ್ಪಚ್ಚಿ ಮಾಡಿದ್ದು?” ಎಂದು ಎದ್ದು ಕುಳಿತರು. ಹಳೆಯ ಟಿವಿಯ ಚಿತ್ರ ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರದ್ದು. ಅಂಗಡಿಯವರು ಅದನ್ನು ಈಗಿನ ಅಗಲ ಪರದೆ ತುಂಬುವಂತೆ ಎಳೆದುಬಿಟ್ಟಿದ್ದರು. ಹಾಗೆ ಎಳೆದಾಗ ಎತ್ತರ ಇದ್ದಷ್ಟೇ ಇದ್ದು ಅಗಲ ಮೂರನೇ ಒಂದು ಪಾಲು ಹೆಚ್ಚಾಗುತ್ತದೆ. ಮದುವೆಯ ಟೇಪಿನಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳದಿರಬಹುದು. ಆದರೆ ತೂಕವನ್ನು ಗ್ರಾಂ ಲೆಕ್ಕದಲ್ಲಿ ಕಾಯ್ದುಕೊಂಡು 112 ಪೌಂಡಿನ, ಅಂದರೆ ಸುಮಾರು 50.8 ಕಿಲೋದ ಮಿತಿಯೊಳಗೆ ರಿಂಗಿಗೆ ಇಳಿಯುವ ಫ್ಲೈವೇಟ್ ಬಾಕ್ಸರನ್ನು ಗುಜ್ಜಾರಿ ಪೈಲ್ವಾನನಂತೆ ತೋರಿಸುವುದು ಅವರ ಇಡೀ ಜೀವನದ ಶ್ರಮವನ್ನು ಸುಳ್ಳು ಮಾಡಿದಂತೆ. ಮಾವನಿಗೆ ನಿಜವಾಗಿಯೂ ನೋವಾಯಿತು. ಅವರು ಪಂದ್ಯವನ್ನು ಮುಂದೆ ನೋಡಲಿಲ್ಲ.

ಆಕಾರದ ದೋಷ ಎಲ್ಲರಿಗೂ ಕಾಣುವಂಥದು. ಇನ್ನೊಂದು ದೋಷ ನನಗೆ ಕಂಡದ್ದು ನಾನೊಬ್ಬನೇ ಕುಳಿತು ಎರಡನೆಯ ಸಲ ನೋಡಿದಾಗ; ಈ ಸೇವೆಯ ಗುಣಮಟ್ಟವನ್ನು ಅಳೆಯುವುದಕ್ಕೆ ಅದೇ ಮುಖ್ಯವಾದದ್ದು. ಅದನ್ನು ಹೇಳುವ ಮೊದಲು ಮತ್ಲಾಲ ಹೇಗೆ ಆಡುತ್ತಿದ್ದರು ಎಂಬುದನ್ನು ಸ್ವಲ್ಪ ವಿವರಿಸಬೇಕು. ತನಗಿಂತ ಎತ್ತರದವನ ಎದುರು ದೂರದಲ್ಲಿ ನಿಂತರೆ ಗಿಡ್ಡ ಬಾಕ್ಸರಿಗೆ ಉಳಿವಿಲ್ಲ. ಎದುರಾಳಿಯ ಜ್ಯಾಬ್, ಅಂದರೆ ಮುಂದಿನ ಕೈಯನ್ನು ನೇರ ಚಾಚಿ ಹೊಡೆಯುವ ಹೊಡೆತ, ಇವನಿಗೆ ಮುಟ್ಟುತ್ತದೆ, ಇವನ ಕೈ ಅವನಿಗೆ ಮುಟ್ಟುವುದಿಲ್ಲ. ಆದ್ದರಿಂದ ಮತ್ಲಾಲ ತಲೆಯನ್ನು ಎಡಕ್ಕೆ ಬಲಕ್ಕೆ ತೂಗುತ್ತ, ಬರುವ ಜ್ಯಾಬಿನ ಕೆಳಗಿನಿಂದ ನುಸುಳಿ, ಎದುರಾಳಿಯ ಎದೆಗೆ ಹಣೆ ತಾಗುವಷ್ಟು ಹತ್ತಿರ ನಿಂತು, ಅಲ್ಲಿಂದ ಪಕ್ಕೆಲುಬಿಗೂ ಹೊಟ್ಟೆಗೂ ಗೇಣುದ್ದದ ಹೊಡೆತಗಳನ್ನು ಬಿಡುವಿಲ್ಲದೆ ಹೊಡೆಯುತ್ತಿದ್ದರು. ಒಂದೇ ಹೊಡೆತಕ್ಕೆ ಕೆಡವುವ ಬಾಕ್ಸರ್ ಅವರಲ್ಲ. 1980ರಿಂದ 2002ರವರೆಗಿನ ವೃತ್ತಿಜೀವನದಲ್ಲಿ 68 ಪಂದ್ಯಗಳನ್ನಾಡಿ 53 ಗೆದ್ದು, 13 ಸೋತು, ಎರಡನ್ನು ಸಮ ಮಾಡಿಕೊಂಡ ಅವರ ಗೆಲುವುಗಳಲ್ಲಿ 26 ಮಾತ್ರ ನಾಕೌಟಿನವು. ಅವುಗಳಲ್ಲಿಯೂ ದೊಡ್ಡ ಪಂದ್ಯಗಳು ಮುಗಿದದ್ದು ಎಂಟನೆಯ, ಒಂಬತ್ತನೆಯ, ಹತ್ತನೆಯ ಸುತ್ತುಗಳಲ್ಲಿ, ನೂರಾರು ಸಣ್ಣ ಹೊಡೆತಗಳು ಎದುರಾಳಿಯ ಉಸಿರನ್ನು ತಿಂದ ಮೇಲೆ.

ಆ ಸಣ್ಣ ಹೊಡೆತಗಳೇ ಮೊದಲ ಫೈಲಿನಲ್ಲಿ ಮಾಯವಾಗಿದ್ದವು. ಪಾಲ್ ಪದ್ಧತಿಯ ಟಿವಿಯಲ್ಲಿ ಒಂದು ಸೆಕೆಂಡಿಗೆ 25 ಪೂರ್ತಿ ಚಿತ್ರಗಳಿದ್ದರೂ ಅವು ಬರುವುದು 50 ಅರೆಚಿತ್ರಗಳಾಗಿ: ಮೊದಲು ಬೆಸ ಗೆರೆಗಳು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಸಮ ಗೆರೆಗಳು. ಪ್ರತಿ ಅರೆಚಿತ್ರವೂ ಬೇರೆ ಕ್ಷಣದ್ದು. ಕಂಪ್ಯೂಟರಿಗೆ ಇಳಿಸುವಾಗ ಎರಡನ್ನು ಬೆರೆಸಿ ಒಂದು ಮಾಡಿದರೆ ಫೈಲು ಹಗುರವಾಗುತ್ತದೆ, ಆದರೆ ಚಲನೆಯ ಅರ್ಧ ಮಾಹಿತಿ ಹೋಗಿಬಿಡುತ್ತದೆ. ದೂರದಿಂದ ಬೀಸಿ ಹೊಡೆದ ಹುಕ್ ಆಗಲೂ ಕಾಣುತ್ತದೆ. ಹೊಟ್ಟೆಯಿಂದ ಅರ್ಧ ಅಡಿ ದೂರದಲ್ಲಿ ಹೊರಟು ಹಿಂದೆ ಬಂದ ಮುಷ್ಟಿ ಮಾತ್ರ ಬರೀ ಬಿಳಿಯ ಮಸುಕಾಗಿ ಉಳಿಯುತ್ತದೆ. ಅದರ ಮೇಲೆ ಚಿತ್ರದ ಒರಟು ಕಣಗಳನ್ನು ತೆಗೆಯುವ ಫಿಲ್ಟರನ್ನೂ ಓಡಿಸಿದ್ದರಿಂದ ಇದ್ದ ಮಸುಕೂ ಒರೆಸಿಹೋಗಿ, ಕ್ಲಿಂಟನ್ ಕಾರಣವೇ ಇಲ್ಲದೆ ಹಿಂದೆ ಸರಿಯುತ್ತಿರುವಂತೆಯೂ ಮತ್ಲಾಲ ಅವರಿಗೆ ಸುಮ್ಮನೆ ಒರಗಿ ನಿಂತಿರುವಂತೆಯೂ ಕಾಣುತ್ತಿತ್ತು. ಟೇಪಿನಲ್ಲಿ ಇದ್ದದ್ದು ಫೈಲಿನಲ್ಲಿ ಬರಲಿಲ್ಲವೆಂಬುದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಮರುದಿನ ಅಂಗಡಿಗೆ ಹೋಗಿ ಅವರ ಹಳೆಯ ಡಬ್ಬಿ ಟಿವಿಯಲ್ಲಿ ಅದೇ ಟೇಪನ್ನು ನೇರವಾಗಿ ಹಾಕಿಸಿ ನೋಡಿದಾಗ ಒಂದೊಂದು ಹೊಡೆತವನ್ನೂ ಎಣಿಸಬಹುದಾಗಿತ್ತು.

ಇಲ್ಲಿ ಅಂಗಡಿಯವರನ್ನು ಮನಃಪೂರ್ವಕ ಮೆಚ್ಚಬೇಕು. ತಂತ್ರಜ್ಞರು ನನ್ನೊಡನೆ ಅರ್ಧ ಗಂಟೆ ನಿಂತು, ಎರಡು ಪರದೆಗಳನ್ನು ಪಕ್ಕಪಕ್ಕದಲ್ಲಿ ನೋಡಿ, ತಪ್ಪು ಒಪ್ಪಿಕೊಂಡು, ಹಣ ಕೇಳದೆ ಎರಡೂ ಟೇಪುಗಳನ್ನು ಮತ್ತೆ ಮೊದಲಿನಿಂದ ಮಾಡಿಕೊಟ್ಟರು. ಈ ಸಲ ಚಿತ್ರದ ಆಕಾರ ಮೂಲದಂತೆಯೇ ಇತ್ತು, ಸೆಕೆಂಡಿಗೆ 50 ಚಿತ್ರಗಳಿದ್ದವು, ಕಣ ತೆಗೆಯುವ ಫಿಲ್ಟರ್ ಇರಲಿಲ್ಲ. ಚಿತ್ರ ಒರಟಾಗಿದೆ, ಬಣ್ಣ ಅಂಚಿನಿಂದ ಸ್ವಲ್ಪ ಹೊರಗೆ ಚೆಲ್ಲುತ್ತದೆ. ವಿಎಚ್‌ಎಸ್ ಇರುವುದೇ ಹಾಗೆ. ಆದರೆ ಮತ್ಲಾಲ ಏನು ಮಾಡುತ್ತಿದ್ದಾರೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಟೇಪು ಕೊಡುವವರು ಮೊದಲೇ “ಆಕಾರ ಎಳೆಯಬೇಡಿ, 50 ಚಿತ್ರ ಇರಲಿ, ಫಿಲ್ಟರ್ ಬೇಡ” ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ನನ್ನಂತೆ ಎರಡು ಸಲ ಓಡಾಡಬೇಕಾಗುವುದಿಲ್ಲ. ಯಕ್ಷಗಾನದ ಟೇಪುಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ. ಧೀಂಗಿಣದ ವೇಗವನ್ನು 25 ಚಿತ್ರಗಳು ಹಿಡಿಯಲಾರವು.

ಉಳಿದ ಟೇಪುಗಳ ಪೈಕಿ ಅತ್ಯುತ್ತಮವಾಗಿ ಬಂದದ್ದು 1997ರ ಜುಲೈ 18ರ ಲಾಸ್ ವೇಗಸ್ ಪಂದ್ಯ. ಎದುರಾಳಿ ಮೈಕೆಲ್ ಕಾರ್ಬಹಾಲ್: 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದವರು, 1993ರಲ್ಲಿ ಉಂಬರ್ಟೊ ಗೊನ್ಸಾಲೆಸ್ ಅವರನ್ನು ಸೋಲಿಸಿ ಎರಡು ಸಂಸ್ಥೆಗಳ ಪಟ್ಟಗಳನ್ನು ಒಂದುಗೂಡಿಸಿದವರು, 49 ಕಿಲೋದ ಲೈಟ್ ಫ್ಲೈವೇಟ್ ವಿಭಾಗಕ್ಕೆ ಅಮೆರಿಕದಲ್ಲಿ ದೊಡ್ಡ ಮೊತ್ತದ ಹಣ ಬರುವಂತೆ ಮಾಡಿದವರು. ಮತ್ಲಾಲರಿಗೆ ಆಗ 35 ವರ್ಷ. ಈ ತೂಕಗಳಲ್ಲಿ ಅದು ಮುದಿತನವೇ ಸರಿ, ಏಕೆಂದರೆ ಇಲ್ಲಿ ಬಂಡವಾಳವೆಲ್ಲ ವೇಗ ಮತ್ತು ಉಸಿರು. ಕಾರ್ಬಹಾಲ್ ಎತ್ತರದಲ್ಲಿಯೂ ತೋಳಿನ ಉದ್ದದಲ್ಲಿಯೂ ಬಹಳ ಮೇಲಿದ್ದರು. ಫೈಲಿನಲ್ಲಿ ಈಗ ಕಾಣುವುದು ಏನೆಂದರೆ, ದೊಡ್ಡ ಹೆಸರಿನ ಬಾಕ್ಸರಿಗೆ ತನ್ನ ಪ್ರಸಿದ್ಧ ಹೊಡೆತಗಳಿಗೆ ಬೇಕಾದ ಒಂದು ತೋಳಿನಷ್ಟು ಜಾಗವನ್ನೇ ಈ ಗಿಡ್ಡ ಮನುಷ್ಯ ಬಿಟ್ಟುಕೊಡುವುದಿಲ್ಲ. 9ನೇ ಸುತ್ತಿನಲ್ಲಿ ಪಂದ್ಯ ನಿಲ್ಲಿಸಿ ಮತ್ಲಾಲ ಗೆದ್ದರೆಂದು ಸಾರಿದಾಗ ಮಾವ ಚಪ್ಪಾಳೆ ತಟ್ಟಲಿಲ್ಲ, ರಿಮೋಟ್ ತೆಗೆದುಕೊಂಡು 4ನೇ ಸುತ್ತಿಗೆ ಹಿಂದೆ ಹೋಗಿ, “ಇಗೋ, ತಲೆ ಎಲ್ಲಿ ಹೋಯಿತು ನೋಡು, ಅವನ ಕಂಕುಳ ಕೆಳಗೆ. ಪಾದ ನೋಡು, ಅವನ ಎರಡು ಪಾದದ ನಡುವೆ” ಎಂದು ನನಗೆ ತೋರಿಸತೊಡಗಿದರು. 75 ದಾಟಿದ ಅವರ ಎಡಭುಜ ಅವರಿಗೆ ಅರಿವಿಲ್ಲದೆಯೇ ಕೆಳಗಿಳಿದಿತ್ತು. ನಾನು ಕೊಟ್ಟ ಹಣವೆಲ್ಲ ಆ ಸಂಜೆಗೇ ಸಂದಿತು.

ಸ್ಕಾಟ್ಲೆಂಡಿನ ಬಾಕ್ಸರ್ ಪಾಲ್ ವಿಯರ್ ಜೊತೆಗಿನ ಎರಡು ಪಂದ್ಯಗಳ ಟೇಪು ಅಷ್ಟು ಚೆನ್ನಾಗಿ ಬಂದಿಲ್ಲ, ಮತ್ತು ಅದಕ್ಕೆ ಅಂಗಡಿಯವರು ಪೂರ್ತಿ ಹೊಣೆಯಲ್ಲ. ಮೂರು ಗಂಟೆಯ ಟೇಪಿನಲ್ಲಿ ಆರು ಗಂಟೆ ಹಿಡಿಯುವಂತೆ ಅರ್ಧ ವೇಗದಲ್ಲಿ ಅದನ್ನು ತುಂಬಿಸಿದ್ದರಿಂದ ಚಿತ್ರದ ಕೆಳಭಾಗದಲ್ಲಿ ಗೆರೆಗಳು ಕುಣಿಯುತ್ತವೆ. 1995ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ತಲೆಗೆ ತಲೆ ತಾಗಿ ವಿಯರ್ ಗಾಯಗೊಂಡಿದ್ದರಿಂದ 5ನೇ ಸುತ್ತಿನಲ್ಲಿ ಅಂಕಗಳ ಮೇಲೆ ತೀರ್ಪಾಗಿ, ಮತ್ಲಾಲರಿಗೆ ಲೈಟ್ ಫ್ಲೈವೇಟ್ ಪಟ್ಟ ಬಂದ ಪಂದ್ಯವದು. ಆ ಗೆಲುವಿನ ಮೇಲೆ ಉಳಿದಿದ್ದ ಅನುಮಾನವನ್ನು 1996ರ ಏಪ್ರಿಲ್‌ನಲ್ಲಿ ಲಿವರ್‌ಪೂಲಿನಲ್ಲಿ 10ನೇ ಸುತ್ತಿನವರೆಗೆ ಹೋರಾಡಿ ಅವರು ತೊಡೆದುಹಾಕಿದರು. ಎರಡನೆಯದನ್ನು ತಂತ್ರಜ್ಞರು ಬೇರೆ ಯಂತ್ರದಲ್ಲಿ ಹಾಕಿ, ಚಿತ್ರವನ್ನು ನೆಲೆಗೆ ತರುವ ಟ್ರ್ಯಾಕಿಂಗ್ ಗುಂಡಿಯನ್ನು ಕೈಯಿಂದಲೇ ತಿರುಗಿಸುತ್ತ ಕುಳಿತು, ನೋಡುವಂತೆ ಮಾಡಿದ್ದಾರೆ. ಮೊದಲನೆಯದರಲ್ಲಿ ಬಾಕ್ಸರುಗಳ ಕಾಲು ಕಾಣುವುದೇ ಇಲ್ಲ, ಮತ್ತು ಕಾಲು ಕಾಣದ ಬಾಕ್ಸಿಂಗ್ ಅರ್ಧ ಬಾಕ್ಸಿಂಗ್.

ಧ್ವನಿಯ ವಿಷಯದಲ್ಲಿ ನನ್ನ ದೂರು ಹಾಗೆಯೇ ಉಳಿದಿದೆ. ಟೇಪಿನ ‘ಸುಂಯ್’ ಶಬ್ದವನ್ನು ಕಡಿಮೆ ಮಾಡಲು ಹೋಗಿ ಗ್ಲೌಸ್ ಮೈಗೆ ತಾಗುವ ಶಬ್ದವನ್ನೂ ಕುಂದಿಸಿದ್ದಾರೆ. ಒಳಗೆ ನುಗ್ಗಿ ಹೊಡೆಯುವ ಬಾಕ್ಸರಿನ ಪಂದ್ಯದಲ್ಲಿ ರೆಫರಿಯ ಬೆನ್ನು ಅಡ್ಡ ಬಂದಾಗ ಕಣ್ಣಿಗಿಂತ ಕಿವಿಗೇ ಹೆಚ್ಚು ತಿಳಿಯುತ್ತದೆ. ಮೂಲ ಧ್ವನಿ ಬೇಕೆಂದು ಕೇಳಿದ್ದಕ್ಕೆ ಎರಡು ಟೇಪಿಗೆ ಮಾತ್ರ ಕೊಟ್ಟರು, ಉಳಿದವನ್ನು ಅಳಿಸಿಬಿಟ್ಟಿದ್ದರಂತೆ. ಸುತ್ತುಗಳ ನಡುವಿನ ಜಾಹೀರಾತುಗಳನ್ನೂ ನನ್ನನ್ನು ಕೇಳದೆ ಒಂದು ಟೇಪಿನಲ್ಲಿ ಕತ್ತರಿಸಿದ್ದರು. ಕತ್ತರಿಸುವಾಗ ಸುತ್ತಿನ ಕೊನೆಯ ಕೆಲವು ಸೆಕೆಂಡುಗಳೂ ಹೋಗಿವೆ, ಮೂಲೆಯಲ್ಲಿ ಮತ್ಲಾಲ ಕುರ್ಚಿಯ ಮೇಲೆ ಕುಳಿತುಕೊಳ್ಳುವ ದೃಶ್ಯವೂ ಹೋಗಿದೆ. ಗಿರಾಕಿಯನ್ನು ಕೇಳದೆ ಟೇಪಿನ ಒಂದು ಕ್ಷಣವನ್ನೂ ತೆಗೆಯಬಾರದು ಎಂಬ ನಿಯಮವನ್ನು ಅಂಗಡಿಯವರು ಇನ್ನಾದರೂ ಇಟ್ಟುಕೊಳ್ಳಬೇಕು. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ; ನಾಲ್ಕು ವಾರ ಎಂದದ್ದು ಒಂಬತ್ತು ವಾರವಾಯಿತು. ಟೇಪುಗಳನ್ನು ಮಾತ್ರ ಹೊಸ ಪ್ಲಾಸ್ಟಿಕ್ ಡಬ್ಬಿಗಳಲ್ಲಿ, ತೇವ ಹೀರುವ ಪುಡಿಯ ಪೊಟ್ಟಣ ಹಾಕಿ, ನಿಲ್ಲಿಸಿ ಇಡಬೇಕೆಂಬ ಸೂಚನೆಯೊಂದಿಗೆ ಹಿಂದಿರುಗಿಸಿದರು.

ಐದನೆಯ ಟೇಪು 2002ರ ಮಾರ್ಚ್ ತಿಂಗಳದ್ದು, ಮತ್ಲಾಲರ ಕೊನೆಯ ಪಂದ್ಯ. ಜೊಹಾನೆಸ್‌ಬರ್ಗ್ ಬಳಿಯ ಬ್ರಾಕ್‌ಪಾನ್‌ನಲ್ಲಿ ಅದು ನಡೆದಾಗ ಪ್ರೇಕ್ಷಕರ ನಡುವೆ ನೆಲ್ಸನ್ ಮಂಡೇಲಾ ಇದ್ದರು. ಮಂಡೇಲಾ ಸ್ವತಃ 1950ರ ದಶಕದಲ್ಲಿ ಜೊಹಾನೆಸ್‌ಬರ್ಗಿನ ಕರಿಯ ಜನರ ವಸತಿಪ್ರದೇಶವಾದ ಸೊವೆಟೊದ ಆರ್ಲಾಂಡೊದಲ್ಲಿ ಬಾಕ್ಸಿಂಗ್ ಅಭ್ಯಾಸ ಮಾಡಿದವರು. ಮತ್ಲಾಲ ಹುಟ್ಟಿದ ಮೆಡೊಲ್ಯಾಂಡ್ಸ್ ಕೂಡ ಸೊವೆಟೊದ್ದೇ. 1955ರಿಂದ ಸೋಫಿಯಾಟೌನಿನ ಕರಿಯ ಜನರನ್ನು ಸರ್ಕಾರ ಬಲವಂತವಾಗಿ ಎಬ್ಬಿಸಿ ತಂದು ಹಾಕಿದ ಬಡಾವಣೆ ಅದು. ಅಲ್ಲಿಂದ ಹೊರಟ ಮಗು ಗಾತ್ರದ ಮನುಷ್ಯನೊಬ್ಬ 40ನೇ ವಯಸ್ಸಿನಲ್ಲಿ, ಗೆದ್ದೇ, ರಿಂಗ್ ಬಿಟ್ಟಿಳಿಯುವುದನ್ನು ಈ ಟೇಪಿನಲ್ಲಿ ನೋಡಬಹುದು. 2013ರ ಡಿಸೆಂಬರ್ 5ರಂದು ಮಂಡೇಲಾ ತೀರಿಕೊಂಡರು. ಎರಡು ದಿನ ಕಳೆದು, 7ರಂದು, ಮತ್ಲಾಲ ತೀರಿಕೊಂಡಾಗ ಅವರಿಗೆ 51 ವರ್ಷ. ಜಗತ್ತಿನ ಪತ್ರಿಕೆಗಳೆಲ್ಲ ದೊಡ್ಡ ಸಾವಿನ ಸುದ್ದಿಯಲ್ಲಿ ಮುಳುಗಿದ್ದ ವಾರದಲ್ಲಿ ಮಾವನಿಗೆ ಈ ಸುದ್ದಿ ತಿಳಿದದ್ದು ತಿಂಗಳಾದ ಮೇಲೆ, ಹಡಗಿನ ಗೆಳೆಯರ ಫೋನಿನಿಂದ. ಈ ಟೇಪಿಗೆ ಬೂಷ್ಟು ಹಿಡಿದಿರಲಿಲ್ಲ, ಬಂದಂತೆಯೇ ಚೆನ್ನಾಗಿದೆ.

ಆರನೆಯ ಟೇಪನ್ನು ನಾನು ಮೊದಲು ಕೊಡಲೇ ಇಲ್ಲ. ಅದರಲ್ಲಿರುವುದು ಎರಡು ಸೋಲುಗಳು: 1991ರ ಸೆಪ್ಟೆಂಬರಿನಲ್ಲಿ ಬೆಲ್‌ಫಾಸ್ಟಿನಲ್ಲಿ ಡೇವ್ ಮೆಕಾಲಿ ಅವರ ಎದುರು 10ನೇ ಸುತ್ತಿನಲ್ಲಿ ನಾಕೌಟಾಗಿ, ವಿಶ್ವಪಟ್ಟ ಕೈತಪ್ಪಿದ ಪಂದ್ಯ, ಮತ್ತು 1995ರ ಫೆಬ್ರವರಿಯಲ್ಲಿ ಮೆಕ್ಸಿಕೊದ ಆಲ್ಬರ್ಟೊ ಹಿಮೆನೆಸ್ ಅವರಿಗೆ ಫ್ಲೈವೇಟ್ ಪಟ್ಟ ಬಿಟ್ಟುಕೊಟ್ಟ ಪಂದ್ಯ. ಇದಕ್ಕೆ ಬೂಷ್ಟು ಹೆಚ್ಚು, ಖರ್ಚೂ ಹೆಚ್ಚು, ಬಿಟ್ಟುಬಿಡೋಣವೇ ಎಂದು ಮಾವನನ್ನು ಕೇಳಿದೆ. “ಅದನ್ನೇ ಮೊದಲು ಕೊಡಬೇಕಿತ್ತು. ಅಲ್ಲಿ ದೂರ ನಿಂತು ಪೆಟ್ಟು ತಿಂದದ್ದು ನೋಡದಿದ್ದರೆ ಗ್ಲಾಸ್ಗೋದಲ್ಲಿ ಹತ್ತಿರ ಹೋದದ್ದು ಏಕೆಂದು ನಿನಗೆ ಹೇಗೆ ಗೊತ್ತಾಗಬೇಕು?” ಎಂದರು. ಕಳೆದ ಶನಿವಾರ ಅದನ್ನು ಗ್ರಾಂಟ್ ರೋಡಿಗೆ ಒಯ್ದು ಕೊಟ್ಟು ಬಂದಿದ್ದೇನೆ. ಆಕಾರ, 50 ಚಿತ್ರ, ಫಿಲ್ಟರ್ ಬೇಡ, ಮೂಲ ಧ್ವನಿ, ಜಾಹೀರಾತು ಕತ್ತರಿಸುವಂತಿಲ್ಲ ಎಂದು ಐದು ಸಾಲಿನ ಚೀಟಿಯನ್ನು ಡಬ್ಬಿಗೆ ಅಂಟಿಸಿದ್ದೇನೆ. ಗಣೇಶ ಚತುರ್ಥಿ ಕಳೆದ ಮೇಲೆ ಬನ್ನಿ ಎಂದಿದ್ದಾರೆ.